ಮುರಾಸೆ ಸಾಹೇಬರ ಕಿವಿ

ನಮ್ಮೂರಿನಲ್ಲಿ ಯಾರಿಗಾದರೂ ಏನನ್ನಾದರೂ ಕಲಿಸಿದರೆ ಅದು ಕಲಿಸಿದವರ ಬಳಿ ಉಳಿಯುವುದಿಲ್ಲ. ನಮ್ಮಜ್ಜಿ ಹೋಳಿಗೆ ಮಾಡುವುದನ್ನು ಚಿಕ್ಕ ಸೊಸೆಗೆ ಹೇಳಿಕೊಟ್ಟ ಮರುದಿನ ಕಣಕ ಯಾವುದು ಹೂರಣ ಯಾವುದು ಗೊತ್ತಾಗದೆ ಎರಡನ್ನೂ ಕಲಸಿ ಎಮ್ಮೆಗೆ ಹಾಕಿದಳು. ಆಮೇಲೂ ಹದಿನೇಳು ವರ್ಷ ಬದುಕಿದ್ದಳು. ಹೋಳಿಗೆ ತಿನ್ನಬೇಕು ಅನ್ನಿಸಿದಾಗಲೆಲ್ಲ ಕೋಲೂರಿಕೊಂಡು ಆ ಸೊಸೆಯ ಮನೆಗೆ ಹೋಗುತ್ತಿದ್ದಳು. ದೊಡ್ಡ ಸೊಸೆ, ಅಂದರೆ ನಮ್ಮಮ್ಮ, ಇದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ತಾತ ನಮ್ಮಪ್ಪನಿಗೆ ಈಜು ಕೊಟ್ಟಮೇಲೆ ಬಾವಿಯ ಕಡೆ ತಲೆ ಹಾಕಲಿಲ್ಲ.

ಹಲವರಿಗೆ ಕಲಿಸಿದರೆ ಹಂಚಿಹೋಗುತ್ತಿತ್ತು. ಶಾಲೆಯ ಮಕ್ಕಳು ಒಟ್ಟಿಗೆ ನಿಂತರೆ ಇಪ್ಪತ್ತರವರೆಗೂ ಮಗ್ಗಿ ಹೇಳುತ್ತಿದ್ದರು, ಒಬ್ಬನನ್ನೇ ನಿಲ್ಲಿಸಿದರೆ ಏಳಾರಲಿ ನಲವತ್ತೆರಡು ಅಂತ ಹೇಳಿ ಕೂತುಬಿಡುತ್ತಿದ್ದ. ಮೇಷ್ಟ್ರು ಮಾರ್ಚಿ ಹೊತ್ತಿಗೆ ಪೂರ್ತಿ ಖಾಲಿ. ಮಕ್ಕಳೇ ಅವರ ಕೈಹಿಡಿದು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಬೋರ್ಡು ಓದಿ ಹೇಳಿ, ಹತ್ತಿಸಿ ಬರುತ್ತಿದ್ದರು. ಜೂನ್‌ನಲ್ಲಿ ಸರ್ಕಾರ ಹೊಸಬರನ್ನು ಕಳಿಸುತ್ತಿತ್ತು.

ಇದಕ್ಕೊಂದು ಪದ್ಧತಿಯೂ ಇತ್ತು. ಕಲಿಸಿದವರನ್ನು ಬರಿದು ಮಾಡಿ ಕಳಿಸಬಾರದು. ಕಲಿತವರು ತಮ್ಮದೊಂದನ್ನು ಅವರಿಗೆ ಕಲಿಸಬೇಕು. ಬದಲಿ ಅನ್ನುತ್ತಿದ್ದೆವು ಅದನ್ನು. ಚಿಕ್ಕಮ್ಮ ಹೋಳಿಗೆಗೆ ಬದಲಿಯಾಗಿ ಅಜ್ಜಿಗೆ ಶಿಳ್ಳೆ ಹೊಡೆಯುವುದನ್ನು ಕೊಟ್ಟಿದ್ದಳು. ಅಜ್ಜಿ ಸಾಯುವತನಕ ಬಹಳ ಚೆನ್ನಾಗಿ ಹೊಡೆಯುತ್ತಿದ್ದಳು.

ನನ್ನ ಹತ್ತಿರ ಹುಟ್ಟಿನಿಂದ ಇದ್ದದ್ದು ಒಂದೇ, ಸುಳ್ಳು. ಕೋರ್ಟಿನಲ್ಲಿ ಹೇಳುವಂಥದ್ದಲ್ಲ, ಕಟ್ಟೆಯ ಮೇಲೆ ಹೇಳುವಂಥದ್ದು. ನನಗೆ ಯಾರೂ ಕಲಿಸಿದ್ದಲ್ಲವಾದ್ದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ನಾನು ಬಾಯಿ ಬಿಟ್ಟರೆ ನಮ್ಮ ಫ್ಯಾಕ್ಟರಿಯ ಕ್ಯಾಂಟೀನಿನ ಅಡುಗೆಯವನು ಒಗ್ಗರಣೆ ಸೀಯಿಸಿಕೊಂಡು ನಿಲ್ಲುತ್ತಿದ್ದ. ನನ್ನ ಹೆಂಡತಿ ಮಂಗಳ ನನ್ನನ್ನು ಮದುವೆಯಾದದ್ದೇ ಇದಕ್ಕೆ. ಹೆಣ್ಣು ನೋಡಲು ಹೋದ ದಿನ, ಬರುವ ದಾರಿಯಲ್ಲಿ ಮೂರು ಆನೆ ಅಡ್ಡ ಬಂದು ಮುಹೂರ್ತ ಕೇಳಿದವು ಅಂತ ಹೇಳಿದ್ದೆ.

ಫ್ಯಾಕ್ಟರಿಯ ವಿಷಯಕ್ಕೆ ಬರುತ್ತೇನೆ. ಜಪಾನಿನ ಕಂಪನಿಯೊಂದು ನಮ್ಮೂರಿನ ಕೆರೆಯ ಆಚೆ ಹೊಲಿಗೆ ಮೆಷಿನ್ ಮಾಡುವ ಫ್ಯಾಕ್ಟರಿ ಹಾಕಿತು. ಟ್ರೇನಿಂಗ್ ಕೊಡಲು ಅಲ್ಲಿಂದ ಬಂದವರು ಮುರಾಸೆ ಸಾಹೇಬರು. ಹದಿನೆಂಟನೇ ವಯಸ್ಸಿಗೆ ಆ ಕಂಪನಿಯ ಗೇಟಿನೊಳಗೆ ಹೋದವರು, ಐವತ್ತನಾಲ್ಕಕ್ಕೆ ನಮ್ಮೂರಿಗೆ ಬಂದಿದ್ದರು, ಅರವತ್ತಕ್ಕೆ ರಿಟೈರಾಗಿ ವಾಪಸ್ಸು ಹೋಗಬೇಕು. ಕನ್ನಡವನ್ನು ಪುಸ್ತಕ ನೋಡಿ ಕಲಿತುಕೊಂಡು ಬಂದಿದ್ದರು. ಹಾಗಾಗಿ ಆ ಪುಸ್ತಕದ ಹಾಗೆಯೇ ಮಾತಾಡುತ್ತಿದ್ದರು.

ಮೊದಲ ಬ್ಯಾಚಿನಲ್ಲಿ ನಾವು ನಲವತ್ತು ಜನ. ಬೆಳಿಗ್ಗೆ ಏಳೂವರೆಗೆ ಅಂಗಳದಲ್ಲಿ ಸಾಲಾಗಿ ನಿಂತು ವ್ಯಾಯಾಮ ಮಾಡಬೇಕು. ಸಾಹೇಬರು ಒಂದು ವಾರ ಮುಂದೆ ನಿಂತು ಕಲಿಸಿದರು. ಎಂಟನೇ ದಿನ ಅವರಿಗೆ ಬರಲಿಲ್ಲ. ನಮಗೆ ಬಂತು, ನಲವತ್ತು ಪಾಲಾಗಿ. ಒಬ್ಬನಿಗೆ ಕೈ ಎತ್ತುವುದು ಗೊತ್ತಿತ್ತು, ಇಳಿಸುವುದು ಪಕ್ಕದವನಿಗೆ ಗೊತ್ತಿತ್ತು. ಪಕ್ಕದವನು ರಜ ಹಾಕಿದರೆ ಇವನು ಮಧ್ಯಾಹ್ನದ ಊಟದವರೆಗೂ ಕೈ ಎತ್ತಿಕೊಂಡೇ ಇರುತ್ತಿದ್ದ. ಆದ್ದರಿಂದ ಯಾರೂ ರಜ ಹಾಕುತ್ತಿರಲಿಲ್ಲ. ಹೆಡ್ ಆಫೀಸಿನಿಂದ ಬಂದವರು ನೋಡಿ, ಇಂಥ ಒಗ್ಗಟ್ಟು ನಮ್ಮ ದೇಶದಲ್ಲೂ ಕಂಡಿಲ್ಲ ಅಂತ ಫೋಟೋ ತೆಗೆದುಕೊಂಡು, ಒಂದು ಗೋಡೆ ಗಡಿಯಾರ ಬಹುಮಾನ ಕೊಟ್ಟು ಹೋದರು.

ವರ್ಷಕ್ಕೊಮ್ಮೆ ಎಲ್ಲರೂ ವಿಭಾಗ ಬದಲಿಸಬೇಕು ಅನ್ನುವುದು ಕಂಪನಿಯ ಇನ್ನೊಂದು ಪದ್ಧತಿ. ಒಂದೇ ಕೆಲಸಕ್ಕೆ ಅಂಟಿಕೊಂಡವನಿಗೆ ಇಡೀ ಫ್ಯಾಕ್ಟರಿ ಕಾಣುವುದಿಲ್ಲವಂತೆ. ಬೇರೆ ಊರುಗಳಲ್ಲಿ ಇದಕ್ಕೆ ಜನ ಗಲಾಟೆ ಮಾಡಿದರಂತೆ. ನಮಗೆ ಗಲಾಟೆ ಮಾಡಲು ಏನಿತ್ತು? ಹೊಸಬನಿಗೆ ಪೇಂಟಿಂಗ್ ಹೇಳಿಕೊಟ್ಟವನಿಗೆ ಮಾರನೇ ದಿನ ಬ್ರಷ್ಷಿನ ಯಾವ ತುದಿ ಹಿಡಿಯಬೇಕೋ ಗೊತ್ತಾಗುತ್ತಿರಲಿಲ್ಲ. ಅವನು ಟಿಫನ್ ಡಬ್ಬಿ ಎತ್ತಿಕೊಂಡು ತಾನಾಗಿಯೇ ಸ್ಟೋರಿಗೆ ಹೋಗುತ್ತಿದ್ದ. ನಾನು ಹೀಗೆ ಪೇಂಟಿಂಗ್, ಅಸೆಂಬ್ಲಿ, ಸ್ಟೋರು, ಪ್ಯಾಕಿಂಗು ಎಲ್ಲವನ್ನೂ ಕಲಿತೆ, ಎಲ್ಲವನ್ನೂ ಕೊಟ್ಟೆ. ಐದನೇ ವರ್ಷಕ್ಕೆ ಇಡೀ ಫ್ಯಾಕ್ಟರಿಯಲ್ಲಿ ನನ್ನಷ್ಟು ಖಾಲಿಯಾದವನು ಇರಲಿಲ್ಲ. ಆಗ ನನ್ನನ್ನು ಟೆಸ್ಟಿಂಗ್ ವಿಭಾಗಕ್ಕೆ ಸಾಹೇಬರ ಕೈಕೆಳಗೆ ಹಾಕಿದರು.

ಆಫೀಸಿನ ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿ ಇತ್ತು. ಒಂದೊಂದು ಹೆಸರಿನ ಮುಂದೆ ಒಂದೊಂದು ಕೆಲಸಕ್ಕೆ ಒಂದೊಂದು ವೃತ್ತ. ವೃತ್ತದಲ್ಲಿ ನಾಲ್ಕು ಕಾಲುಭಾಗ. ನೋಡಿ ತಿಳಿದಿದ್ದರೆ ಒಂದು ಕಾಲಿಗೆ ಬಣ್ಣ, ಜೊತೆಗೆ ಒಬ್ಬರಿದ್ದರೆ ಮಾಡಬಲ್ಲ ಅಂದರೆ ಎರಡು, ಒಬ್ಬನೇ ಮಾಡಬಲ್ಲ ಅಂದರೆ ಮೂರು, ಇನ್ನೊಬ್ಬರಿಗೆ ಕಲಿಸಬಲ್ಲ ಅಂದರೆ ನಾಲ್ಕು. ಬೇರೆ ಕಡೆ ಈ ಪಟ್ಟಿ ವರ್ಷ ಕಳೆದಂತೆ ತುಂಬುತ್ತಾ ಹೋಗುತ್ತದಂತೆ. ನಮ್ಮಲ್ಲಿ ಕೆಳಗಿನ ಸಾಲಿನ ವೃತ್ತಕ್ಕೆ ಬಣ್ಣ ಹಾಕಿದಾಗಲೆಲ್ಲ ಮೇಲಿನ ಸಾಲಿನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕಾಗುತ್ತಿತ್ತು. ಎಲ್ಲಕ್ಕಿಂತ ಮೇಲಿನ ಸಾಲು ಮುರಾಸೆ ಸಾಹೇಬರದು. ಅವರು ಬಂದಾಗ ಅದರಲ್ಲಿ ಹದಿನಾಲ್ಕು ವೃತ್ತ ತುಂಬಿದ್ದವು.

ತಾನು ಮರೆಯುತ್ತಿರುವುದು ವಯಸ್ಸಿನಿಂದ ಅಂತ ಅವರು ಅಂದುಕೊಂಡಿದ್ದರು. ಗೊತ್ತಾದದ್ದು ಬೋರಯ್ಯನಿಂದ. ಬೋರಯ್ಯ ನಮ್ಮ ಗೇಟಿನ ಕಾವಲಿನವನು. ಕಂಪನಿಯ ಅಧ್ಯಕ್ಷರು ಬರುತ್ತಾರೆ ಅಂತ ಸಾಹೇಬರು ಅವನಿಗೆ ಬಾಗುವುದನ್ನು ಕಲಿಸಿದರು. ಗಿರಾಕಿಗೆ ಇಷ್ಟು, ಮೇಲಿನವರಿಗೆ ಇಷ್ಟು, ತಪ್ಪು ಮಾಡಿದಾಗ ಇಷ್ಟು ಅಂತ ಅಳತೆ ಸಮೇತ. ಮರುದಿನ ಅಧ್ಯಕ್ಷರು ಕಾರಿಳಿದಾಗ ಬೋರಯ್ಯ ಬಾಗಿದ ಚಂದಕ್ಕೆ ಅವರು ತಾವೇ ತಿರುಗಿ ಬಾಗಿದರು. ಪಕ್ಕದಲ್ಲಿ ಸಾಹೇಬರು ಲೈಟು ಕಂಬದ ಹಾಗೆ ನಿಂತಿದ್ದರು. ನಲವತ್ತು ವರ್ಷ ಬಾಗಿದ ಬೆನ್ನು, ಅವತ್ತು ಏನು ಮಾಡಿದರೂ ಬಾಗಲಿಲ್ಲ. ಕೊನೆಗೆ ಬೇರೇನೂ ತೋಚದೆ ಅಧ್ಯಕ್ಷರ ಹೆಗಲು ತಟ್ಟಿ, "ಬನ್ನಿ ಬನ್ನಿ" ಅಂದರು, ಕನ್ನಡದಲ್ಲಿ.

ಅವತ್ತು ಮಧ್ಯಾಹ್ನ ಸಾಹೇಬರು ಕ್ಯಾಂಟೀನಿನಲ್ಲಿ ನನ್ನ ಎದುರು ಬಂದು ಕೂತರು. ಯಾರ ಹೆಸರಿನ ಕೊನೆಗೂ ಅವರು ಸಾನ್ ಅಂತ ಹಚ್ಚುತ್ತಿದ್ದರು, ನಾವು ಅವರೇ ಅನ್ನುವ ಹಾಗೆ.

"ದೊರೆಸ್ವಾಮಿ-ಸಾನ್, ನಾನು ಇಂದು ಬೆಳಿಗ್ಗೆ ಬಾಗಲಿಲ್ಲ. ಕಾರಣವೇನು?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಟೇಬಲ್ಲಿನ ಸುತ್ತ ಇದ್ದವರು ಊಟ ನಿಲ್ಲಿಸಿ ತಲೆಯಾಡಿಸಿದರು. ಸಾಹೇಬರು ಪೂರ್ತಿ ಕೇಳಿ ಚಮಚ ಕೆಳಗಿಟ್ಟರು.

"ನಿಮ್ಮ ಸೋದರಮಾವ ಹದ್ದಿನ ಕಾಲನ್ನು ಹಿಡಿದುಕೊಂಡು ಪಕ್ಕದ ಊರಿಗೆ ಹೋದರು ಎಂದು ನೀವು ನಿನ್ನೆ ಹೇಳಿದಿರಿ."

"ಅದು ಬೇರೆ ಸಾರ್."

"ಹೇಗೆ ಬೇರೆ?"

"ಅವತ್ತು ಬಸ್ ಸ್ಟ್ರೈಕಿತ್ತು."

ಭಾನುವಾರ ಅವರು ನಮ್ಮ ಮನೆಗೇ ಬಂದರು, ಮಂಗಳಳನ್ನು ಕೇಳಲು. ಅವಳು ಕಾಫಿ ಲೋಟ ಕೈಗೆ ಕೊಟ್ಟು, "ಇದೊಂದು ನಿಜ ಸಾಹೇಬ್ರೇ. ಇವರು ವರ್ಷಕ್ಕೊಂದು ನಿಜ ಹೇಳ್ತಾರೆ, ಅದು ನಿಮ್ಮ ಪಾಲಿಗೆ ಬಂದಿದೆ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಾ ರೀ, ಐದು ವರ್ಷದಿಂದ ಇವರ ಹತ್ರ ಇಷ್ಟೆಲ್ಲ ಕಲಿತಿದೀರಲ್ಲ, ಬದಲಿ ಏನು ಕೊಟ್ರಿ?" ಅಂತ ಕೇಳಿದಳು.

ಏನೂ ಕೊಟ್ಟಿರಲಿಲ್ಲ. ನಲವತ್ತು ಜನರಲ್ಲಿ ಒಬ್ಬನೂ ಕೊಟ್ಟಿರಲಿಲ್ಲ. ಕಂಪನಿಯ ಟ್ರೇನಿಂಗ್ ತಾನೇ, ಬದಲಿಯನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆವು.

"ಥೂ, ನಾಚಿಕೆ ಆಗಲ್ವಾ?" ಅಂದಳು ಮಂಗಳ. "ಪರದೇಶದೋರು. ಉಟ್ಟ ಬಟ್ಟೇಲಿ ಕಳಿಸ್ತೀರಲ್ಲ."

ಸಾಹೇಬರು ಬೆರಳು ಮಡಿಸುತ್ತಾ ಲೆಕ್ಕ ಹಾಕುತ್ತಿದ್ದರು. ಹದಿಮೂರು ಮಡಿಸಿ ನಿಲ್ಲಿಸಿದರು. "ಇನ್ನು ಒಂದು ಉಳಿದಿದೆ" ಅಂದರು.

ಆ ಒಂದು ಏನು ಅಂತ ನನಗೆ ಗೊತ್ತಿತ್ತು. ಟೆಸ್ಟಿಂಗ್ ವಿಭಾಗದಲ್ಲಿ ಮೂವತ್ತೆರಡು ಹೆಂಗಸರು ತಯಾರಾದ ಮೆಷಿನ್‌ಗಳಲ್ಲಿ ಬಟ್ಟೆ ಹೊಲಿದು ನೋಡುತ್ತಿದ್ದರು. ಕೊನೆಯಲ್ಲಿ ಪ್ರತಿ ಮೆಷಿನ್ನೂ ಸಾಹೇಬರ ಮುಂದೆ ಬರಬೇಕು. ಅವರು ಒಂದು ಹಳೆಯ ಸ್ಕ್ರೂಡ್ರೈವರಿನ ತುದಿಯನ್ನು ಮೆಷಿನ್ನಿನ ಮೈಗೆ ಇಟ್ಟು, ಮರದ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, ಚಕ್ರ ತಿರುಗಿಸುತ್ತಿದ್ದರು. "ಒಳಗಿನ ಎರಡನೆಯ ಚಕ್ರ. ಹಲ್ಲು ಸವೆದಿದೆ" ಅನ್ನುತ್ತಿದ್ದರು. ಬಿಚ್ಚಿದರೆ ಸವೆದೇ ಇರುತ್ತಿತ್ತು. ಅವರ ಯಜಮಾನನೊಬ್ಬ ಕೊಟ್ಟದ್ದು ಅದು. ಮೂರು ವರ್ಷ ಅವನ ಪಕ್ಕದಲ್ಲಿ ನೆಲ ಗುಡಿಸಿಕೊಂಡು ಇದ್ದರಂತೆ. ಅವನು ಒಂದು ಮಾತೂ ಹೇಳಿಕೊಡಲಿಲ್ಲ, ಇವರೂ ಕೇಳಲಿಲ್ಲ. ನಾಲ್ಕನೇ ವರ್ಷ ಒಂದು ದಿನ ಸ್ಕ್ರೂಡ್ರೈವರನ್ನು ಕೈಗಿಟ್ಟು ಬೀಡಿ ಸೇದಲು ಹೋದನಂತೆ. ಬೀಡಿ ಅಂದದ್ದು ಸಾಹೇಬರೇ. ಅವರ ದೇಶದಲ್ಲಿ ಅದು ಏನೋ ನನಗೆ ಗೊತ್ತಿಲ್ಲ.

ನಾನೂ ವರ್ಷವಿಡೀ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದೆ. ನೋಡಿದ್ದಕ್ಕೆ ಪಟ್ಟಿಯಲ್ಲಿ ನನಗೆ ಒಂದು ಕಾಲು ಬಣ್ಣ ಬಂತು. ಎರಡನೆಯದು ಬರಲಿಲ್ಲ. ಕಿವಿಗೆ ಹಿಡಿ ಒತ್ತಿಕೊಂಡರೆ ನನಗೆ ಕೇಳುತ್ತಿದ್ದದ್ದು ರಾಗಿ ಮಿಲ್ಲಿನ ಸದ್ದು ಮಾತ್ರ.

ಜನವರಿಯಲ್ಲಿ ಪರ್ಸೊನೆಲ್ ಆಫೀಸರ್ ಉತ್ತಯ್ಯನವರು ನನ್ನನ್ನು ಕರೆಸಿದರು. ಹೊರಗಿನಿಂದ ಬಂದವರು, ಮೀಸೆ ನೇವರಿಸದೆ ಮಾತಾಡದವರು.

"ಹೆಡ್ ಆಫೀಸಿಂದ ಕಾಗದ ಬಂದಿದೆ ದೊರೆಸ್ವಾಮಿ. ಮುರಾಸೆ ಸಾಹೇಬ್ರು ಮಾರ್ಚಿ ಕೊನೇಲಿ ಹೊರಡ್ತಾರೆ. ಅಷ್ಟ್ರೊಳಗೆ ನಿನ್ನ ವೃತ್ತ ತುಂಬ್ಲಿಲ್ಲ ಅಂದ್ರೆ ಟೆಸ್ಟಿಂಗ್ ವಿಭಾಗ ಮುಚ್ಚಿ, ಮೆಷಿನ್‌ಗಳನ್ನ ಲಾರೀಲಿ ಬೇರೆ ಊರಿಗೆ ಕಳ್ಸಿ ಟೆಸ್ಟ್ ಮಾಡಿಸ್ತಾರಂತೆ."

"ಮೂವತ್ತೆರಡು ಹೆಂಗಸರು ಸಾರ್?"

"ಮೂವತ್ತೆರಡು ಹೆಂಗಸರು ಮನೇಗೆ. ನೀನು ಮೂವತ್ತಮೂರನೇವ್ನು."

"ಇನ್ನೊಬ್ಬರಿಗೂ ಸೇರಿಸಿ ಕಲಿಸಿದ್ರೆ ಆಗಲ್ವಾ?"

"ಹಂಚಿಹೋಗಲ್ವಾ? ಅರ್ಧ ಕಿವಿ ಇಟ್ಕೊಂಡು ಏನಯ್ಯಾ ಮಾಡ್ತೀಯ? ಹೋಗು, ಅವರನ್ನ ಒಪ್ಸು."

ಸಾಹೇಬರು ಒಪ್ಪಲಿಲ್ಲ. ಒಪ್ಪುವುದಿಲ್ಲ ಅಂತಲೂ ಹೇಳಲಿಲ್ಲ. ಅವರಲ್ಲಿ ಇಲ್ಲ ಅನ್ನುವುದಕ್ಕೆ ಬದಲಾಗಿ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಾರೆ. ಫೆಬ್ರವರಿ ಪೂರ್ತಿ ಗಾಳಿ ಎಳೆದುಕೊಂಡೇ ಕಳೆದರು. ಹೆಂಗಸರು ಅವರಿಗೆ ದಿನಾ ಒಬ್ಬೊಬ್ಬರಂತೆ ಕೋಡುಬಳೆ, ನಿಪ್ಪಟ್ಟು ತಂದಿಟ್ಟರು. ಯಾರೂ ಏನೂ ಕೇಳಲಿಲ್ಲ. ತಿನ್ನುವಾಗ ಸಾಹೇಬರು ತಲೆ ಎತ್ತುತ್ತಿರಲಿಲ್ಲ.

ಮಾರ್ಚಿ ಎರಡನೇ ಭಾನುವಾರ ಮತ್ತೆ ಮನೆಗೆ ಬಂದರು. ಮಂಗಳ ಬಡಿಸಿದ ಅನ್ನ ಸಾರು ಉಂಡು ಅವರೂ ನಾನೂ ಜಗುಲಿಯ ಮೇಲೆ ಕೂತೆವು. ಮಂಗಳ ಬಾಗಿಲಿಗೆ ಒರಗಿ ನಿಂತಳು.

"ನಾನು ಕೊಡುತ್ತೇನೆ. ಬದಲಿಯಾಗಿ ನೀವು ಏನನ್ನು ಕೊಡುತ್ತೀರಿ?" ಅಂದರು.

ನಾನು ಸಿದ್ಧನಾಗಿಯೇ ಇದ್ದೆ. ಸೈಕಲ್ ಹೊಡೆಯುವುದು, ಎರಡೂ ಕೈ ಬಿಟ್ಟು. ಪಂಚಾಂಗ ನೋಡುವುದು. ಹಲಸಿನ ಹಣ್ಣು ಕೈಗೆ ಅಂಟದ ಹಾಗೆ ಬಿಡಿಸುವುದು. ಒಂದೊಂದಕ್ಕೂ ಅವರು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು.

"ನನಗೆ ನಿಮ್ಮ ಸುಳ್ಳು ಬೇಕು."

ನಾನು ಮಂಗಳಳ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡಳು.

"ಅದ್ಯಾಕೆ ಸಾರ್? ನೀವು ದೊಡ್ಡವರು. ನಿಮಗ್ಯಾಕೆ ಅದು?"

ಅವರು ಬೀದಿಯ ಕಡೆ ನೋಡಿಕೊಂಡು ಹೇಳಿದರು. "ನಾನು ಬೆಳಿಗ್ಗೆ ಆರು ಗಂಟೆಗೆ ಮನೆಯಿಂದ ಹೊರಡುತ್ತಿದ್ದೆ. ಎಲ್ಲರೂ ಮಲಗಿದ ಮೇಲೆ ಮರಳುತ್ತಿದ್ದೆ. ಮೂವತ್ತು ವರ್ಷಗಳು ಹೀಗೆ. ಮುಂದಿನ ತಿಂಗಳು ನಾನು ಮನೆಯಲ್ಲಿ ಕುಳಿತುಕೊಳ್ಳುತ್ತೇನೆ. ನನ್ನ ಹೆಂಡತಿ ಎದುರಿಗೆ ಕುಳಿತುಕೊಳ್ಳುತ್ತಾಳೆ. ನಾನು ಏನನ್ನು ಮಾತನಾಡಲಿ? ಎರಡನೆಯ ಚಕ್ರದ ಹಲ್ಲು ಸವೆದಿದೆ ಎಂದು ಹೇಳಲೇ?"

ಬೀದಿಯಲ್ಲಿ ಒಬ್ಬ ಸೌತೆಕಾಯಿ ಮಾರುತ್ತಾ ಹೋದ.

"ಯೋಚನೆ ಮಾಡಿ ಹೇಳ್ತೀನಿ ಸಾರ್" ಅಂದೆ.

ಅವರು ಹೋದಮೇಲೆ ಮಂಗಳ ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕೂತಳು. ನಾನು ಹಿಂದೆಯೇ ಹೋದೆ.

"ಕೊಡ್ಲಾ?"

"ಮೂವತ್ತೆರಡು ಮನೆ ಒಲೆ ಅಂದ್ರೆ ಸುಮ್ನೆ ಅಲ್ಲ."

"ಅದಲ್ಲ. ನಿಂಗೆ ಬೇಜಾರಾಗಲ್ವಾ?"

ಅವಳು ಒಂದು ಕಲ್ಲು ಆರಿಸಿ ಆಚೆ ಎಸೆದಳು. "ಆನೆಗಳು ಎಷ್ಟಿದ್ವು ರೀ ಅವತ್ತು?"

"ಮೂರು."

"ಇನ್ನೊಂದ್ಸಲ ಪೂರ್ತಿ ಹೇಳಿ. ಆಮೇಲೆ ಕೊಟ್ಬಿಡಿ."

ಹೇಳಿದೆ. ಈ ಸಲ ಐದು ಆನೆ ಬಂದವು. ಒಂದಕ್ಕೆ ಕನ್ನಡಕ ಇತ್ತು. ಅವಳು ಮೊರ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಮಧ್ಯಾಹ್ನ, ಊಟದ ಬೆಲ್ಲು ಹೊಡೆದು ಎಲ್ಲರೂ ಕ್ಯಾಂಟೀನಿಗೆ ಹೋದಮೇಲೆ, ಟೆಸ್ಟಿಂಗ್ ವಿಭಾಗದಲ್ಲಿ ನಾವಿಬ್ಬರೇ ಕೂತೆವು. ಮೊದಲು ನನ್ನದನ್ನು ಕೊಡಲು ಶುರುಮಾಡಿದೆ.

"ನೋಡಿ ಸಾರ್, ಮೂರೇ ಮೂರು ನೇಮ. ನೀವು ನಗಬಾರದು. ಊರಿನ ಹೆಸರು, ವಾರ, ಹೊತ್ತು, ಇವೆಲ್ಲ ಸರಿಯಾಗಿ ಹೇಳಬೇಕು. ಕೇಳೋರು ಅನುಮಾನ ಪಟ್ರೆ ಹಿಂದಕ್ಕೆ ಹೋಗಬಾರದು, ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಬೇಕು. ಈಗ ಒಂದು ಹೇಳಿ."

ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. "ನಾನು ಒಂದು ಮೀನನ್ನು ಹಿಡಿದೆ. ಅದು ದೊಡ್ಡದು."

"ಎಷ್ಟು ದೊಡ್ಡದು?"

"ನಲವತ್ತು ಸೆಂಟಿಮೀಟರ್."

"ಅದು ನಿಜಾನೇ ಇರಬೇಕಲ್ಲ ಸಾರ್?"

"ಹೌದು. ಮೂವತ್ತೊಂಬತ್ತು."

ಹೀಗೆ ನಾಲ್ಕು ದಿನ ಹೋಯಿತು. ಮಾದರಿಗೆ ಅಂತ ನನ್ನ ಐದು ಆನೆಗಳನ್ನೂ ಕನ್ನಡಕದ ಸಮೇತ ಹೇಳಿ ತೋರಿಸಿದೆ. ಊಟದ ಹೊತ್ತೆಲ್ಲ ಮೀನು ಒಂದೊಂದು ಸೆಂಟಿಮೀಟರ್ ಬೆಳೆಯಿತು. ಐದನೇ ದಿನ ಅವರು ಮೀನು ಬಿಟ್ಟರು. ಕಿಟಕಿಯಾಚೆ ನೋಡಿಕೊಂಡು, ತಾವು ಕೆಲಸಕ್ಕೆ ಸೇರಿದ ವರ್ಷ ಫ್ಯಾಕ್ಟರಿಯಲ್ಲಿ ಒಂದು ಕಾಗೆ ಇತ್ತು ಅಂದರು. ದಿನಾ ಬೆಳಿಗ್ಗೆ ಏಳು ಇಪ್ಪತ್ತೆಂಟಕ್ಕೆ ಬಂದು ಹಾಜರಿ ಕಾರ್ಡನ್ನು ಕೊಕ್ಕಿನಲ್ಲಿ ಗಡಿಯಾರದೊಳಕ್ಕೆ ತುರುಕುತ್ತಿತ್ತಂತೆ. ಹನ್ನೊಂದು ವರ್ಷದಲ್ಲಿ ಒಂದೇ ಸಲ ತಡವಾಯಿತಂತೆ, ಅವತ್ತು ತಾನಾಗಿಯೇ ಹೋಗಿ ಮ್ಯಾನೇಜರ ಮೇಜಿನ ಮುಂದೆ ನಿಂತು ಬಾಗಿತಂತೆ.

"ಮ್ಯಾನೇಜರು ಏನು ಮಾಡಿದರು?" ಅಂತ ಕೇಳಿದೆ.

"ಕ್ಷಮಿಸಿದರು. ಆದರೆ ಮರುವರ್ಷ ಅದನ್ನು ಪ್ಯಾಕಿಂಗ್ ವಿಭಾಗಕ್ಕೆ ವರ್ಗಾಯಿಸಿದರು."

"ಅಯ್ಯೋ ಪಾಪ. ಆಮೇಲೆ?" ಅಂದೆ.

ಆಮೇಲೆ ಅಂತ ನಾನು ನನ್ನ ಜೀವಮಾನದಲ್ಲಿ ಯಾರನ್ನೂ ಕೇಳಿದವನಲ್ಲ. ಕೇಳಿದ ಕ್ಷಣದಲ್ಲೇ ಗೊತ್ತಾಯಿತು, ಹೋಯಿತು ಅಂತ. ಸಾಹೇಬರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಅವರು ಎದ್ದು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟರು. ಹೇಗೆ ಏನು ಅಂತ ಒಂದು ಮಾತೂ ಹೇಳಲಿಲ್ಲ. ನನ್ನ ತಲೆಯನ್ನು ಸ್ವಲ್ಪ ವಾಲಿಸಿ, ಹಿಡಿಯನ್ನು ಕಿವಿಯ ಸರಿಯಾದ ಜಾಗಕ್ಕೆ ತಂದಿಟ್ಟರು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿದರು. ನಿಧಾನ. ಇನ್ನೂ ನಿಧಾನ. ರಾಗಿ ಮಿಲ್ಲಿನ ಸದ್ದು ಒಂದೊಂದೇ ಎಳೆಯಾಗಿ ಬಿಚ್ಚಿಕೊಂಡಿತು. ದಾರದ ಸದ್ದು ಬೇರೆ, ಸೂಜಿಯದು ಬೇರೆ, ಎಣ್ಣೆಯದು ಬೇರೆ. ಎಲ್ಲೋ ಬಹಳ ಒಳಗೆ ಒಂದು ಹಲ್ಲು ಕುಂಟುತ್ತಿತ್ತು.

"ಒಳಗಿನ ಚಕ್ರ. ಮೂರನೇ ಹಲ್ಲು" ಅಂದೆ.

ಸಾಹೇಬರು ಬಗ್ಗಿ ಮೆಷಿನ್ನಿಗೆ ಕಿವಿ ಹಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಎದ್ದು, "ಹಾಗೆಯೇ ಇರಬೇಕು" ಅಂದರು.

ಉತ್ತಯ್ಯನವರು ನನ್ನ ವೃತ್ತದ ನಾಲ್ಕೂ ಕಾಲಿಗೆ ಬಣ್ಣ ಹಾಕಿಸಿ, ಸಾಹೇಬರ ಸಾಲನ್ನು ಒರೆಸಿಸಿದರು. ಹೆಂಗಸರು ಅವತ್ತು ಇಡೀ ಫ್ಯಾಕ್ಟರಿಗೆ ಪಾಯಸ ಹಂಚಿದರು. ನನ್ನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಕ್ಯಾಂಟೀನಿನಲ್ಲಿ ಎಲ್ಲರೂ ಎಂದಿನಂತೆ ಸುತ್ತ ಕೂತಮೇಲೆ, "ಹೇಳಪ್ಪಾ ದೊರೆಸ್ವಾಮಿ, ನಿಮ್ಮ ಸೋದರಮಾವ ಹೇಗೆ ತೀರಿಕೊಂಡ್ರು?" ಅಂತ ಬೋರಯ್ಯ ಕೇಳಿದ. "ಜ್ವರ ಬಂದು" ಅಂದೆ. ಅವರೆಲ್ಲ ಸ್ವಲ್ಪ ಹೊತ್ತು ಕಾದರು. ಆಮೇಲೆ ತಟ್ಟೆ ಎತ್ತಿಕೊಂಡು ಒಬ್ಬೊಬ್ಬರಾಗಿ ಬೇರೆ ಟೇಬಲ್ಲಿಗೆ ಹೋದರು. ಒಗ್ಗರಣೆ ಸೀಯುವುದೂ ನಿಂತುಹೋಯಿತು.

ಮನೆಯಲ್ಲಿ ಆದದ್ದು ಇನ್ನೂ ಸಣ್ಣದು. ಪ್ರಮೋಷನ್ ಆದ ರಾತ್ರಿ ಊಟಕ್ಕೆ ಬಡಿಸಿ ಮಂಗಳ ಎಂದಿನಂತೆ ಕೇಳಿದಳು, "ಸಾರು ಹೇಗಿದೆ?"

"ಉಪ್ಪು ಜಾಸ್ತಿ" ಅಂದೆ.

ಮದುವೆಯಾಗಿ ಇಪ್ಪತ್ತೈದು ವರ್ಷ. ಇಪ್ಪತ್ತೈದು ವರ್ಷವೂ ಜಾಸ್ತಿಯೇ ಇತ್ತು. ಅವಳು ಸೌಟನ್ನು ಪಾತ್ರೆಯೊಳಗೆ ಇಟ್ಟು, "ಮೊದಲಿಂದಲೂನಾ?" ಅಂತ ಕೇಳಿದಳು. ಹೌದು ಅಂದೆ. ಬೇರೆ ಹೇಳಲು ನನ್ನ ಹತ್ತಿರ ಏನಿತ್ತು? ಅವಳು ಸೌಟು ಎತ್ತಿ ಇನ್ನೊಂದು ಸಲ ಬಡಿಸಿದಳು. ಆದರೆ ನನಗೆ ಈಗ ಕಿವಿ ಬಂದಿತ್ತಲ್ಲ, ಅವಳು ಉಸಿರೆಳೆದುಕೊಂಡದ್ದರಲ್ಲಿ ಯಾವುದು ಕುಂಟಿತು ಅಂತ ಕೇಳಿಸಿತು. ಅವತ್ತಿನಿಂದ ಅವಳು ಆ ಪ್ರಶ್ನೆ ಕೇಳುವುದನ್ನು ಬಿಟ್ಟಳು.

ಸಾಹೇಬರು ಹೊರಟ ದಿನ ಗೇಟಿನಲ್ಲಿ ಬೋರಯ್ಯ ಅಳತೆ ಸಮೇತ ಬಾಗಿದ. ಸಾಹೇಬರು ಅವನ ಹೆಗಲು ತಟ್ಟಿದರು. ಕಾರು ಹತ್ತುವಾಗ ಉತ್ತಯ್ಯನವರ ಕಿವಿಯಲ್ಲಿ ಏನೋ ಹೇಳಿದರು. ಕಾರು ಹೋಗಿ ಧೂಳು ಇಳಿದಮೇಲೂ ಉತ್ತಯ್ಯನವರು ಮೀಸೆ ಹಿಡಿದುಕೊಂಡು ನಿಂತೇ ಇದ್ದರು. "ನಿಮ್ಮೂರ ಕೆರೇಲಿ ಗಡ್ಡ ಇರೋ ಮೀನು ಇದೆಯಂತಲ್ಲಯ್ಯಾ, ನಂಗ್ಯಾರೂ ಹೇಳೇ ಇಲ್ಲ?" ಅಂದರು.

ಆರು ತಿಂಗಳಾದ ಮೇಲೆ ಸಾಹೇಬರಿಂದ ಕಾಗದ ಬಂತು. ಕಂಪನಿ ಅವರನ್ನು ಮತ್ತೆ ಕರೆಸಿಕೊಂಡಿದೆಯಂತೆ, ಹೊಸದಾಗಿ ಮ್ಯಾನೇಜರಾದವರಿಗೆ ತಿಂಗಳಿಗೊಮ್ಮೆ ಭಾಷಣ ಮಾಡಲು. ಕಲಿಸಿದವನು ಮರೆತುಹೋಗುವ ಊರೊಂದರಲ್ಲಿ ಆರು ವರ್ಷ ಇದ್ದೆ ಅಂತ ಹೇಳುತ್ತಾರಂತೆ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ. ಅದೊಂದು ಮಾತ್ರ ನಿಜ ಅಂತ ಅವರು ಯಾರಿಗೂ ಹೇಳಿಲ್ಲ. ಹೆಂಡತಿ ಸಾಯಂಕಾಲ ಟಿ.ವಿ. ಹಾಕುವುದನ್ನು ಬಿಟ್ಟಿದ್ದಾರಂತೆ. ಕಾಗೆ ಈಗ ನಿರ್ದೇಶಕರ ಮಂಡಳಿಯಲ್ಲಿದೆ.

ಇಷ್ಟು ನಡೆದದ್ದು. ನೀವು ನಂಬಲಿಲ್ಲ ಅಂದರೆ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗುವ ಶಕ್ತಿ ನನಗಿಲ್ಲ, ಅದನ್ನು ಕೊಟ್ಟಾಗಿದೆ.

ಕಾಗದದ ಕೊನೆಯ ಪುಟ ಮಂಗಳಳಿಗೆ ಬರೆದದ್ದು. ಅವಳು ಅದನ್ನು ಅಡುಗೆಮನೆಯ ಬೆಳಕಿಗೆ ಹಿಡಿದು ನಿಧಾನವಾಗಿ ಗಟ್ಟಿಯಾಗಿ ಓದಿದಳು. "ಮಂಗಳಾ-ಸಾನ್, ನಿಮ್ಮ ಮನೆಯಲ್ಲಿ ನಾನು ಉಂಡ ಸಾರನ್ನು ಎಂದಿಗೂ ಮರೆಯಲಾರೆ. ಅದರಲ್ಲಿ ಉಪ್ಪು ಎಷ್ಟು ಬೇಕೋ ಅಷ್ಟೇ ಇತ್ತು. ಅದನ್ನು ಉಣ್ಣಲು ಐದು ಆನೆಗಳು ಬಾಗಿಲಲ್ಲಿ ಕಾದು ನಿಂತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಒಂದು ಕನ್ನಡಕ ಧರಿಸಿತ್ತು."

ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ಎಂಥಾ ಒಳ್ಳೆ ಮನುಷ್ಯ ರೀ" ಅಂದಳು.

ನಾನು ಬಾಯಿ ಮುಚ್ಚಿಕೊಂಡು ಸಾರು ಸುರಿದುಕೊಂಡೆ.